ಹನ್ನೊಂದು ಶಬ್ದಗಳ ಚಳಿಗಾಲ

ಕಳೆದ ದೀಪಾವಳಿಗೆ ಚಿರೋಟಿ ಮಾಡಲು ವೆಸ್ಟ್ ಬ್ಲೂಮ್‌ಫೀಲ್ಡ್‌ನ ಗೆಳತಿಯೊಬ್ಬಳ ಮನೆಗೆ ಹೋಗಿದ್ದೆ. ತುಪ್ಪ ಸಾಲದೆಂದು ಅವಳು ವನಸ್ಪತಿಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಗದಗಿನಲ್ಲಿ ಬೆಳೆದವಳಿಗೆ ಡಾಲ್ಡಾ ವಾಸನೆ ಬಂದರೆ ಮದುವೆ ಮನೆಯ ಹಿತ್ತಲಲ್ಲಿ ಬೂಂದಿ ಕರಿಯುವುದು ನೆನಪಾಗಬೇಕು. ನನಗೆ ನೆನಪಾಗುವುದು ಅದಲ್ಲ. ಸ್ಟರ್ಲಿಂಗ್ ಹೈಟ್ಸ್‌ನ ಒಂದು ಡೇಕೇರ್, ನೀಲಿ ಬಣ್ಣ ಕಲಸಿದ ಐಸ್ ನೀರಿನ ತೊಟ್ಟಿ, ಅದರೊಳಗೆ ಇಳಿಯಲು ಅಂಜುತ್ತಿದ್ದ ಎರಡು ವರ್ಷದ ಹುಡುಗಿಯ ಕೈ. ಹಿಟ್ಟು ನಾದುತ್ತಾ ಗೆಳತಿ ಏನೋ ಹೇಳುತ್ತಿದ್ದಳು. ನಾನು ಆ ಚಳಿಗಾಲದಲ್ಲಿ ಇದ್ದೆ.

ಆ ವರ್ಷ ನನಗೆ ವರ್ಕ್ ಪರ್ಮಿಟ್ ಬಂದಿತ್ತು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಮೂರು ವರ್ಷ ಅದಕ್ಕಾಗಿ ಕಾದಿದ್ದೆ. ಊರಲ್ಲಿ ಹೈಸ್ಕೂಲಿನ ವಿಜ್ಞಾನದ ಟೀಚರ್ ಆಗಿದ್ದವಳು ಇಲ್ಲಿ ಶಾಲೆಗೆ ಸೇರಬೇಕಾದರೆ ಪರೀಕ್ಷೆ, ಸರ್ಟಿಫಿಕೇಟ್ ಎಂದು ಇನ್ನೂ ದೂರವಿತ್ತು. ಮನೆಯಿಂದ ಒಂದೂವರೆ ಮೈಲಿಯಲ್ಲಿದ್ದ ಡೇಕೇರ್‌ನವರು ಕೂಡಲೇ ಬಾ ಎಂದರು. ಎರಡು ವರ್ಷದ ಮಕ್ಕಳ ಕೋಣೆ, ಎಂಟು ಮಕ್ಕಳು, ಸಹಾಯಕಿಯ ಕೆಲಸ. ಭಾರತಿ ಎಂಬ ಹೆಸರು ಯಾರ ಬಾಯಿಗೂ ಹತ್ತಲಿಲ್ಲ. ಮೊದಲ ವಾರದಲ್ಲೇ ಮಿಸ್ ಬೀ ಆದೆ. ನನ್ನ ಬ್ಯಾಡ್ಜಿನ ಮೇಲೆ ಯಾರೋ ಒಂದು ಜೇನುಹುಳದ ಸ್ಟಿಕ್ಕರ್ ಅಂಟಿಸಿದರು.

ಅವ್ವನಿಗೆ ಫೋನಿನಲ್ಲಿ ಸಾಲಿಯೊಳಗ ಕೆಲಸ ಸಿಕ್ಕೇತಿ ಎಂದೆ.

“ಎಷ್ಟನೇ ಕ್ಲಾಸಿಗೆ ಕಲಿಸ್ತಿ?” ಎಂದು ಕೇಳಿದಳು.

“ಸಣ್ಣ ಹುಡುಗ್ರಿಗೆ, ಅವ್ವಾ.”

ದಿನಕ್ಕೆ ಮೂರು ಸಲ ಎಂಟು ಡೈಪರ್ ಬದಲಿಸುತ್ತೇನೆಂದು ಹೇಳಲಿಲ್ಲ.

ನಮ್ಮವರು ಕಾರು ತಯಾರಿಸುವ ಪ್ಲಾಂಟಿನಲ್ಲಿ ಎಂಜಿನಿಯರ್. ಹೊಸ ಮಾಡೆಲ್ ಶುರುವಾಗುವ ಹೊತ್ತು, ಸೆಕೆಂಡ್ ಶಿಫ್ಟ್ ಬಿದ್ದಿತ್ತು. ಬೆಳಿಗ್ಗೆ ಆರೂವರೆಗೆ ನಾನು ಹೊರಡುವಾಗ ಅವರು ಮಲಗಿರುತ್ತಿದ್ದರು. ಸಂಜೆ ನಾನು ಬರುವಾಗ ಮನೆ ಖಾಲಿ. ವಾರವಿಡೀ ನಮ್ಮ ಮಾತೆಲ್ಲ ಫ್ರಿಜ್ಜಿಗೆ ಅಂಟಿಸಿದ ಚೀಟಿಗಳಲ್ಲಿ ನಡೆಯುತ್ತಿತ್ತು. ಸಾರು ಬಿಸಿ ಮಾಡ್ಕೋರಿ. ಬಾಡಿಗೆ ಆಫೀಸಿನವ್ರು ಬಂದಿದ್ರು. ಮುಂಜಾನೆ ಐಸ್ ಭಾಳ ಐತಿ, ಸಾವಕಾಶ ಡ್ರೈವ್ ಮಾಡು. ಸೂರ್ಯ ಐದಕ್ಕೆ ಮುಳುಗುವ ಊರಲ್ಲಿ, ಪಾರ್ಕಿಂಗ್ ಲಾಟಿನ ದೀಪದ ಕೆಳಗೆ ಹಿಮ ಬೀಳುವುದನ್ನು ನೋಡುತ್ತಾ ಒಬ್ಬಳೇ ಉಣ್ಣುತ್ತಿದ್ದೆ.

ಹೊಸ ವರ್ಷದ ರಜೆ ಮುಗಿದ ದಿನ ಮಿಸ್ ಕ್ಯಾರೊಲ್ ಕಪಾಟಿನ ಮೇಲಿಂದ ಒಂದು ಪೆಟ್ಟಿಗೆ ಇಳಿಸಿದರು. ಆಕೆ ನಮ್ಮ ಕೋಣೆಯ ಮುಖ್ಯ ಟೀಚರ್. ಅರವತ್ತು ದಾಟಿದವರು, ಮಂಡಿ ನೋವು, ಆದರೂ ದಿನಕ್ಕೆ ಐವತ್ತು ಸಲ ನೆಲದ ಮೇಲೆ ಕೂತು ಏಳುತ್ತಿದ್ದರು. ಪೆಟ್ಟಿಗೆಯ ಮೇಲೆ ಆರ್ಕ್ಟಿಕ್ ಎಂದು ಮಾರ್ಕರಿನಲ್ಲಿ ಬರೆದಿತ್ತು. ಫೆಬ್ರವರಿ ಮುಗಿಯುವವರೆಗೂ ಮಕ್ಕಳಿಗೆ ಅದೇ ಪಾಠ. ಪ್ಲಾಸ್ಟಿಕ್ಕಿನ ಹಿಮಕರಡಿ, ಸೀಲ್, ತಿಮಿಂಗಿಲ, ಪೆಂಗ್ವಿನ್.

ಪೆಂಗ್ವಿನ್ ದಕ್ಷಿಣ ಧ್ರುವದ್ದು, ಹಿಮಕರಡಿ ಉತ್ತರದ್ದು, ಎರಡೂ ಒಂದೇ ಕಡೆ ಇರುವುದಿಲ್ಲ ಎಂದು ನನ್ನೊಳಗಿನ ವಿಜ್ಞಾನದ ಟೀಚರ್ ತಡೆಯಲಾರದೆ ಹೇಳಿದಳು. ಮಿಸ್ ಕ್ಯಾರೊಲ್ ಪೆಂಗ್ವಿನ್ನನ್ನು ಕರಡಿಯ ಪಕ್ಕದಲ್ಲೇ ನಿಲ್ಲಿಸಿ, ಇವರಿಗೆ ಎರಡು ವರ್ಷ, ಇನ್ನೂ ಜಗಳ ತೆಗೆಯುವುದಿಲ್ಲ ಬಿಡು ಎಂದು ನಕ್ಕರು.

ಆ ಕೆಲಸ ನನಗೆ ಹಿಡಿಸಿತು. ಮನೆಯಲ್ಲಿ ಬಲೂನಿಗೆ ನೀರು ತುಂಬಿ, ಒಳಗೆ ಪ್ರಾಣಿಗಳನ್ನು ಹಾಕಿ ಫ್ರೀಜರಿನಲ್ಲಿಟ್ಟು, ಮರುದಿನ ಬಲೂನು ಹರಿದು ಆ ಮಂಜಿನ ಗುಂಡನ್ನು ಒಯ್ಯುತ್ತಿದ್ದೆ. ಮಕ್ಕಳು ಉಪ್ಪು ನೀರು ಸುರಿದು, ಚಮಚದಿಂದ ಕುಟ್ಟಿ ಸೀಲನ್ನು ಬಿಡಿಸುತ್ತಿದ್ದರು. ಶೇವಿಂಗ್ ಫೋಮಿಗೆ ಅಂಟು ಕಲಸಿ ಉಬ್ಬುವ ಹಿಮ ಮಾಡಿದೆವು. ಕಾಲ ನಡುವೆ ಚೆಂಡು ಹಿಡಿದು ಪೆಂಗ್ವಿನ್ ನಡಿಗೆ ಕಲಿಸಿದೆವು. ಎಂಟೂ ಮಕ್ಕಳು ಬೀಳುತ್ತಿದ್ದರು, ಎದ್ದು ಮತ್ತೆ ಬೀಳುತ್ತಿದ್ದರು.

ಒಂದು ಶನಿವಾರ ನಮ್ಮವರು ಫ್ರೀಜರ್ ತೆಗೆದು ಒಳಗೆ ಬಗ್ಗಿ ನೋಡಿದರು.

“ಏನಿದು? ಕೊಬ್ರಿ ಹಿಂದ ಮೀನ ಅದಾವಲ್ಲ.”

“ಅವು ಮೀನಲ್ರೀ, ಸೀಲ್. ಸೋಮವಾರ ಹುಡುಗ್ರಿಗೆ ಬೇಕು.”

“ನನಗ ಐಸ್ ಕ್ರೀಮ್ ಇಡ್ಲಿಕ್ಕೆ ಜಾಗಾ ಇಲ್ಲ, ಸೀಲಿಗೆ ಐತಿ” ಎಂದು ಬಾಗಿಲು ಹಾಕಿದರು. ಆ ವಾರ ನಾವಿಬ್ಬರೂ ಕೂಡಿ ನಕ್ಕದ್ದು ಅದೊಂದೇ ಸಲ.

ಎಂಟು ಮಕ್ಕಳಲ್ಲಿ ಅನ್ವಿ ಒಬ್ಬಳು ಕನ್ನಡದವರ ಮಗು. ಅವಳ ತಾಯಿ ಸ್ಮಿತಾ ಮೈಸೂರಿನವರು, ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರ್. ತಂದೆಗೆ ಶಿಕಾಗೋ ಕಡೆಯ ಲಿಸ್ಲ್‌ನಲ್ಲಿ ಕೆಲಸ. ಶುಕ್ರವಾರ ಐದು ತಾಸು ಡ್ರೈವ್ ಮಾಡಿಕೊಂಡು ಬಂದು ಭಾನುವಾರ ಮರಳುತ್ತಿದ್ದರು. ಉಳಿದ ದಿನ ತಾಯಿ ಮಗಳು ಇಬ್ಬರೇ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವವಳು ಅನ್ವಿ, ಸಂಜೆ ಎಲ್ಲರಿಗಿಂತ ಕೊನೆಗೆ ಹೋಗುವವಳೂ ಅವಳೇ. ಅಳುವುದಿಲ್ಲ, ಹಟ ಇಲ್ಲ. ಮಾತೂ ಇಲ್ಲ. ಬೇಕಾದದ್ದಕ್ಕೆ ಬೆರಳು ತೋರಿಸುವಳು. ಉಳಿದ ಮಕ್ಕಳು ಮೋರ್, ನೋ, ಮೈನ್ ಎಂದು ಕೋಣೆ ಎಬ್ಬಿಸುವಾಗ ಅವಳು ಕಿಟಕಿಯ ಬಳಿ ನಿಂತಿರುತ್ತಿದ್ದಳು.

ಕೆಲಸಕ್ಕೆ ಸೇರಿದ ಎರಡನೇ ವಾರ ಸ್ಮಿತಾ ನನ್ನನ್ನು ಬಾಗಿಲ ಬಳಿ ನಿಲ್ಲಿಸಿದ್ದರು.

“ನೋಡಿ ಭಾರತಿ, ಒಂದ್ ರಿಕ್ವೆಸ್ಟ್. ಅನ್ವಿ ಜೊತೆ ಕನ್ನಡ ಬೇಡ, ಸದ್ಯಕ್ಕೆ. ಎರಡು ಲ್ಯಾಂಗ್ವೇಜ್ ಇದ್ರೆ ಅವಳಿಗೆ ಕನ್‌ಫ್ಯೂಸ್ ಆಗುತ್ತೆ ಅಂತ ತಿಳಿದವರೊಬ್ರು ಹೇಳಿದ್ರು. ಮನೇಲೂ ನಾವು ಇಂಗ್ಲಿಷೇ ಮಾಡ್ಕೊಂಡಿದೀವಿ. ಸ್ಪೀಚ್ ಥೆರಪಿಗೆ ಅಪ್ಲೈ ಮಾಡಿದೀನಿ, ವೇಟಿಂಗ್ ಲಿಸ್ಟ್ ಇದೆ.”

“ಆಗ್ಲಿ ಡಾಕ್ಟ್ರೇ” ಎಂದೆ.

ಬೇಡವೆಂದು ಅವರು ಹೇಳಿದ್ದು ಕನ್ನಡದಲ್ಲೇ. ಅವರ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಕೋಟಿನ ಮೇಲೆ ಹಿಮ ಇನ್ನೂ ಕರಗಿರಲಿಲ್ಲ.

ಎರಡು ತಿಂಗಳು ಮಾತು ಉಳಿಸಿಕೊಂಡೆ. ಸಂಕ್ರಾಂತಿಯ ವಾರ ಡಾಲ್ಡಾ ಕೈಚೀಲದ ಆಟ ಆಡಿಸಿದೆವು. ಒಂದು ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಚೀಲ, ನಡುವೆ ಬೆಣ್ಣೆಯಂತೆ ಗಟ್ಟಿಯಾದ ವನಸ್ಪತಿ. ಅದರೊಳಗೆ ಕೈ ಹಾಕಿ ಐಸ್ ನೀರಿಗೆ ಇಳಿಸಿದರೆ ಚಳಿ ತಾಗುವುದಿಲ್ಲ. ಸೀಲಿನ ಚರ್ಮದಡಿಯ ಕೊಬ್ಬು ಹೀಗೇ ಕೆಲಸ ಮಾಡುತ್ತದೆ ಎಂದು ತೋರಿಸುವ ಪಾಠ. ಎಲ್ಲರ ಸರದಿ ಮುಗಿದ ಮೇಲೆ ಅನ್ವಿ ಬಂದಳು. ಮಿಸ್ ಕ್ಯಾರೊಲ್ ಕೋಣೆಯ ಆಚೆ ತುದಿಯಲ್ಲಿ ಯಾರದೋ ಡೈಪರ್ ಬದಲಿಸುತ್ತಿದ್ದರು. ಅನ್ವಿ ಬರಿಗೈ ನೀರಿಗೆ ತಾಗಿಸಿ ಥಟ್ಟನೆ ಹಿಂದೆ ತೆಗೆದಳು. ನನ್ನ ಬಾಯಿಂದ ತಾನಾಗಿ ಬಂತು.

“ಥಂಡಿ ಐತೇನು?”

ಅವಳು ನನ್ನ ಬಾಯಿಯನ್ನೇ ನೋಡಿದಳು. ಚೀಲದ ಕೈಯನ್ನು ಇಳಿಸಿದಳು, ತೆಗೆದಳು. ಮತ್ತೆ ಬರಿಗೈ ಇಳಿಸಿ, ಮೆಲ್ಲಗೆ, ಗುಟ್ಟು ಹೇಳುವವಳಂತೆ, “ಥಂಡಿ” ಎಂದಳು.

ಆ ಸಂಜೆ ಮನೆಯವರಿಗೆ ಕಳಿಸುವ ದಿನದ ವರದಿಗೆಂದು ಟ್ಯಾಬ್ಲೆಟ್ಟಿನಲ್ಲಿ ಅವಳ ಹೆಸರಿನ ಮುಂದೆ ಎಷ್ಟು ಉಂಡಳು, ಎಷ್ಟು ಹೊತ್ತು ಮಲಗಿದಳು ಎಂದೆಲ್ಲ ತುಂಬಿದೆ. ಹೊಸ ಶಬ್ದ ಎಂಬ ಜಾಗ ಒಂದಿತ್ತು. ಅದನ್ನು ಖಾಲಿ ಬಿಟ್ಟೆ. ಬರೆದರೆ ಕೊಟ್ಟ ಮಾತು ಮುರಿದದ್ದು ತಿಳಿಯುತ್ತಿತ್ತು. ಅದೊಂದೇ ಕಾರಣವಾಗಿದ್ದರೆ ಇಷ್ಟು ವರ್ಷ ನನ್ನನ್ನು ಕಾಡುತ್ತಿರಲಿಲ್ಲ. ಬರೆದರೆ ಆ ಶಬ್ದ ನನ್ನದಾಗಿ ಉಳಿಯುತ್ತಿರಲಿಲ್ಲ.

ಮರುದಿನದಿಂದ ನಾನೇ ಹುಡುಕಿಕೊಂಡು ಹೋದೆ. ಮಲಗಿಸುವಾಗ, ಶೂ ಹಾಕುವಾಗ, ಕೈ ತೊಳೆಸುವಾಗ, ಯಾರಿಗೂ ಕೇಳದಂತೆ ಅವಳ ಕಿವಿಯ ಹತ್ತಿರ ಗದಗಿನ ಮಾತು ಆಡುತ್ತಿದ್ದೆ. ಅವಳು ಒಂದೊಂದಾಗಿ ತಿರುಗಿ ಕೊಡುತ್ತಿದ್ದಳು. ಬ್ಯಾಡ. ಕೊಡು. ಕರಡಿ. ನನಗೆ ಮಾತ್ರ, ಪಿಸುದನಿಯಲ್ಲಿ. ಬೆಳಿಗ್ಗೆ ಹಿಮ ಕೆರೆದು ಕಾರು ತೆಗೆಯುವಾಗ ಇವತ್ತು ಯಾವ ಶಬ್ದ ಬರುತ್ತದೋ ಎಂದು ಯೋಚಿಸುತ್ತಿದ್ದೆ. ಮಗುವಿಗೆ ಒಳ್ಳೆಯದಾಗಲಿ ಎಂದು ಮಾಡಿದೆ ಎನ್ನಲಾರೆ. ದಿನದ ಬೆಳಕಿನಲ್ಲಿ ನನಗೆ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದವಳು ಅವಳೊಬ್ಬಳೇ.

ಅದೇ ಹೊತ್ತಿಗೆ ಹಾಲಿನ ಕ್ಯಾನುಗಳ ಇಗ್ಲೂ, ಹಿಮದ ನಾಡಿನ ಗುಂಡು ಗುಡಿಸಲು, ಏಳುತ್ತಿತ್ತು. ತಂದೆತಾಯಿಯರು ಖಾಲಿ ಪ್ಲಾಸ್ಟಿಕ್ ಗ್ಯಾಲನ್ ಕ್ಯಾನುಗಳನ್ನು ತೊಳೆದು ತರುತ್ತಿದ್ದರು. ನಾನು ಅವನ್ನು ಸುತ್ತಲೂ ಅಂಟಿಸಿ ಸಾಲಿನ ಮೇಲೆ ಸಾಲು ಕಟ್ಟುತ್ತಿದ್ದೆ. ಮುನ್ನೂರು ಕ್ಯಾನುಗಳಾದ ಮೇಲೆ ಗುಮ್ಮಟ ಮುಚ್ಚಿತು. ಕೋಣೆಯಲ್ಲಿ ಓಡಾಡಲು ಜಾಗವಿಲ್ಲದೆ ಅದನ್ನು ಹೊರಗೆ ಆಟದ ಅಂಗಳದ ಮೂಲೆಯಲ್ಲಿಟ್ಟೆವು. ತೆವಳಿ ಒಳಗೆ ಹೋದರೆ ಬಿಸಿಲು ಹಾಲಿನ ಬಣ್ಣಕ್ಕೆ ತಿರುಗುತ್ತಿತ್ತು.

ಫೆಬ್ರವರಿಯ ಮೂರನೇ ವಾರ ಒಂದು ದಿನ ಬಿಸಿಲು ಬಿತ್ತು. ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಇಪ್ಪತ್ತೆಂಟು ಡಿಗ್ರಿ, ನೀರು ಹೆಪ್ಪುಗಟ್ಟುವುದಕ್ಕಿಂತ ತುಸು ಕೆಳಗೆ, ಗಾಳಿ ಇರಲಿಲ್ಲ. ಹದಿನಾರು ಬೂಟು, ಹದಿನಾರು ಗ್ಲೌಸು ತೊಡಿಸಿ ಮಕ್ಕಳನ್ನು ಅಂಗಳಕ್ಕೆ ಕರೆತಂದೆವು. ಪಕ್ಕದ ಕೋಣೆಯ ಮಕ್ಕಳೂ ತಮ್ಮ ಟೀಚರುಗಳೊಂದಿಗೆ ಅಲ್ಲಿದ್ದರು. ಸ್ವಲ್ಪ ಹೊತ್ತಿಗೆ ನಮ್ಮ ಮಗುವೊಂದು ವಾಂತಿ ಮಾಡಿಕೊಂಡಿತು. ಮಿಸ್ ಕ್ಯಾರೊಲ್ ಅದನ್ನು ಎತ್ತಿಕೊಂಡು, ಉಳಿದ ಏಳು ಮಕ್ಕಳನ್ನು ಒಳಗೆ ತಾ ಎಂದು ಹೇಳಿ ಹೋದರು.

ಮಕ್ಕಳು ಹಿಡಿದು ನಡೆಯಲು ಕುಣಿಕೆಗಳಿರುವ ಒಂದು ಹಗ್ಗವಿತ್ತು. ಬಾಗಿಲಲ್ಲಿ ಒಬ್ಬೊಬ್ಬರನ್ನೂ ಮುಟ್ಟಿ, ಮುಖ ನೋಡಿ, ಪಟ್ಟಿಯಲ್ಲಿನ ಹೆಸರಿಗೆ ಗುರುತು ಹಾಕಬೇಕೆಂಬುದು ನಿಯಮ. ನಾನು ಎಣಿಸಿದೆ. ಏಳು. ಟೋಪಿ, ಮಫ್ಲರ್, ಸ್ನೋಸೂಟಿನೊಳಗೆ ಕಣ್ಣಷ್ಟೇ ಕಾಣುವ ಏಳು ಮಕ್ಕಳು. ಅನ್ವಿಯ ನೇರಳೆ ಸೂಟ್ ಕೊನೆಯ ಕುಣಿಕೆಯಲ್ಲಿತ್ತು. ಒಳಗೆ ಕರೆದುಕೊಂಡು ಬಂದು, ಒಂದೊಂದೇ ಬೂಟು ಬಿಚ್ಚುತ್ತಾ ಕೊನೆಗೆ ನೇರಳೆ ಸೂಟಿನ ಮಫ್ಲರ್ ಸುತ್ತು ಬಿಡಿಸಿದೆ. ಅದು ಅನ್ವಿ ಆಗಿರಲಿಲ್ಲ. ಪಕ್ಕದ ಕೋಣೆಯ ಮಗು, ಅಂಥದೇ ಬಣ್ಣದ ಸೂಟ್, ನಮ್ಮ ಹಗ್ಗ ಹಿಡಿದು ಬಂದುಬಿಟ್ಟಿತ್ತು.

ಮಿಸ್ ಕ್ಯಾರೊಲ್‌ಗೆ ಕೂಗಿ ಹೇಳಿ, ಸಾಕ್ಸಿನಲ್ಲೇ ಓಡಿದೆ. ಪಕ್ಕದ ಕೋಣೆಯವರು ಬೇಲಿಯ ಬಳಿ ತಮ್ಮ ಮಗುವನ್ನು ಹುಡುಕುತ್ತಿದ್ದರು. ನಾನು ಇಗ್ಲೂವಿನತ್ತ ಹೋಗಿ ಮಂಡಿಯೂರಿದೆ.

ಅನ್ವಿ ಒಳಗೆ ಕೂತಿದ್ದಳು. ಒಂದು ಗ್ಲೌಸ್ ಬಿಚ್ಚಿಹೋಗಿತ್ತು. ಅಳುತ್ತಿರಲಿಲ್ಲ. ತೊಡೆಯ ಮೇಲೆ ಪ್ಲಾಸ್ಟಿಕ್ ಕರಡಿಯನ್ನು ಮಲಗಿಸಿಕೊಂಡು, ಕೆಂಪಾದ ಬೆರಳಿನಿಂದ ಅದರ ಬಾಯಿಗೆ ಹಿಮ ತುರುಕುತ್ತಿದ್ದಳು. ಪಿಸುದನಿಯಲ್ಲ, ಗಟ್ಟಿಯಾಗಿ ಹೇಳುತ್ತಿದ್ದಳು.

“ಉಣ್ಣು. ಉಣ್ಣು.”

ಎತ್ತಿ ಎದೆಗೊತ್ತಿಕೊಂಡೆ. ನನ್ನ ಕಾಲು ಹಿಮದಲ್ಲಿರುವುದು ಆಮೇಲೆ ಗೊತ್ತಾಯಿತು. ಕ್ಯಾಮೆರಾ ನೋಡಿದಾಗ ಅವಳು ಆರು ನಿಮಿಷ ಒಬ್ಬಳೇ ಇದ್ದಳೆಂದು ತಿಳಿಯಿತು.

ರಿಪೋರ್ಟ್ ಬರೆಯುವ ಮುನ್ನ ಮಿಸ್ ಕ್ಯಾರೊಲ್ ನನ್ನ ಪಕ್ಕ ಕೂತು, ನಿನ್ನನ್ನು ಒಬ್ಬಳನ್ನೇ ಬಿಟ್ಟು ಹೋದದ್ದು ನಾನು, ತಪ್ಪು ಇಬ್ಬರದೂ ಎಂದು ಬರೆಯೋಣ ಎಂದರು. ಅವರ ನಿವೃತ್ತಿಗೆ ಎರಡು ವರ್ಷವಿತ್ತು. ಪಟ್ಟಿ ನನ್ನ ಕೈಯಲ್ಲಿತ್ತು, ನಾನು ಹೆಸರು ಓದಲಿಲ್ಲ ಎಂದು ಬರೆದು ಸಹಿ ಮಾಡಿದೆ.

ಫೋನ್ ಹೋದ ಅರ್ಧ ಗಂಟೆಯಲ್ಲಿ ಸ್ಮಿತಾ ಬಂದರು. ಆಫೀಸಿನ ಕುರ್ಚಿಯಲ್ಲಿ ಮಗಳನ್ನು ಕೂರಿಸಿ, ಡಾಕ್ಟರರ ಹಾಗೆಯೇ, ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಡೇಕೇರ್‌ನ ಡೈರೆಕ್ಟರ್ ನಡೆದದ್ದನ್ನೆಲ್ಲ ಹೇಳಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ.

“ಬೆರಳು ಸರಿ ಇವೆ” ಎಂದು ಸ್ಮಿತಾ ಕನ್ನಡದಲ್ಲಿ ನನಗೆ ಹೇಳಿದರು.

ಆಗ ಅನ್ವಿ ಕರಡಿಯನ್ನು ತಾಯಿಯ ಮುಖಕ್ಕೆ ಹಿಡಿದು, “ಉಣ್ಣು” ಎಂದಳು.

ಸ್ಮಿತಾ ನನ್ನತ್ತ ತಿರುಗಿದರು.

“ನಮ್ಮನೇಲಿ ಯಾರೂ ಉಣ್ಣು ಅನ್ನಲ್ಲ.”

“ಹೌದ್ರೀ.”

“ಯಾವಾಗಿಂದ ಮಾತಾಡ್ತಿದಾಳೆ?”

“ಸಂಕ್ರಾಂತಿಯಿಂದ.”

“ಐದು ವಾರ. ದಿನಾ ಸಂಜೆ ಬಂದು ಇವತ್ತು ಏನಾದ್ರೂ ಅಂದ್ಲಾ ಅಂತ ಕೇಳ್ತಿದ್ದೆ ನಾನು. ದಿನಾ. ನೀವು ಇಲ್ಲ ಅಂತಿದ್ರಿ.”

ಅವರು ಮಗಳಿಗೆ ಕೋಟು ತೊಡಿಸಿ ಎತ್ತಿಕೊಂಡು ಹೋದರು. ಕರಡಿ ಮಗುವಿನ ಕೈಯಲ್ಲೇ ಉಳಿಯಿತು. ಯಾರೂ ಕೇಳಲಿಲ್ಲ.

ಶುಕ್ರವಾರ ನನ್ನ ಕೆಲಸದ ಕೊನೆಯ ದಿನವಾಯಿತು. ಕೆಲಸ ಹೋತು, ಹುಡುಗಿ ಆರಾಮ ಅದಾಳ ಎಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿ ಮಲಗಿದೆ. ಬೆಳಿಗ್ಗೆ ಎದ್ದಾಗ ನಮ್ಮವರು ಅಡುಗೆಮನೆಯಲ್ಲಿ ಚೀಟಿ ಹಿಡಿದು ಕೂತಿದ್ದರು.

“ನಾ ಬಂದಾಗ ನಿನ್ನ ಎಬ್ಬಿಸು ಅಂತ ಈ ಚೀಟಿಯಾಗ ಬರೀಬೇಕಿತ್ತು.”

“ಎದ್ದು ಏನ್ ಹೇಳಬೇಕಿತ್ರೀ?”

ಅವರು ಚಹಾ ಇಟ್ಟರು. ನಾನು ಎಲ್ಲ ಹೇಳಿದೆ. ಶಬ್ದಗಳ ವಿಷಯ ಬಂದಾಗ ಅವರು ಕಪ್ಪು ಕೆಳಗಿಟ್ಟು, “ಅಷ್ಟು ಒಬ್ಬಾಕಿ ಆಗಿದ್ದೇನು ನೀನು?” ಎಂದು ಕೇಳಿದರು. ಮುಂದಿನ ತಿಂಗಳು ಫಸ್ಟ್ ಶಿಫ್ಟಿಗೆ ಕೇಳುತ್ತೇನೆ ಎಂದರು. ಕೇಳಿದರು ಕೂಡ. ಸಿಗಲು ಮುಂದಿನ ವರ್ಷವಾಯಿತು.

ಮಾರ್ಚ್ ನಡುವಿನ ಒಂದು ಭಾನುವಾರ, ರಸ್ತೆಯ ಪಕ್ಕದ ಹಿಮದ ಗುಡ್ಡೆಗಳು ಕಪ್ಪಾಗಿ ಕರಗುತ್ತಿದ್ದಾಗ, ಸ್ಮಿತಾ ಫೋನ್ ಮಾಡಿದರು. ವಿಳಾಸ ಕೇಳಿದರು. ಒಂದು ತಾಸಿನಲ್ಲಿ ಮಗಳೊಂದಿಗೆ ನಮ್ಮ ಬಾಗಿಲಲ್ಲಿದ್ದರು. ಕೋಟು ಬಿಚ್ಚಲಿಲ್ಲ. ಅನ್ವಿ ನನ್ನನ್ನು ನೋಡಿ ತಾಯಿಯ ಕಾಲಿನ ಹಿಂದೆ ಹೋದಳು. ಅವತ್ತು ಅವಳು ಒಂದು ಮಾತೂ ಆಡಲಿಲ್ಲ.

“ಥೆರಪಿಸ್ಟ್ ಸಿಕ್ಕಿದ್ರು. ಮಗೂಗೆ ಬರೋ ಶಬ್ದ ಎಲ್ಲಾ ಬರ್ಕೊಂಡ್ ಬನ್ನಿ ಅಂದ್ರು. ಯಾವ ಭಾಷೆ ಆದ್ರೂ ಲೆಕ್ಕಕ್ಕೆ ಬರುತ್ತಂತೆ. ಕನ್ನಡ ಬಿಡಿಸೋ ಅಗತ್ಯ ಇರ್ಲಿಲ್ಲವಂತೆ.” ಅವರು ಕೈಚೀಲದಿಂದ ಒಂದು ಹಾಳೆ ತೆಗೆದು ಊಟದ ಮೇಜಿನ ಮೇಲಿಟ್ಟರು. ಮೇಲ್ಗಡೆ ಮಗಳ ಹೆಸರಿತ್ತು, ಕೆಳಗೆ ಖಾಲಿ ಗೆರೆಗಳು. “ನನಗೆ ಗೊತ್ತಿರೋದು ಒಂದೇ. ಮಿಕ್ಕಿದ್ದು ನಿಮ್ಮ ಹತ್ರ ಇದೆ.”

ನಾನು ಹೇಳುತ್ತಾ ಹೋದೆ, ಅವರು ಬರೆಯುತ್ತಾ ಹೋದರು. ಥಂಡಿ. ಬ್ಯಾಡ. ಕೊಡು. ನೀರು. ಕರಡಿ. ಒಂದೊಂದಕ್ಕೂ ಯಾವಾಗ ಹೇಳಿದಳು, ಹೇಗೆ ಹೇಳಿದಳು ಎಂದು ಕೇಳುತ್ತಿದ್ದರು. ಬೂಟು ಹಾಕುವಾಗ, ಮಲಗಿ ಎದ್ದಾಗ, ಹಿಮ ಬಿದ್ದಾಗ. ಹತ್ತನೆಯದು ಮುಗಿದ ಮೇಲೆ ನಾನು ತಡೆದೆ.

“ಇನ್ನೊಂದು ಐತಿ. ಬರ್ತಾಳ.”

“ಬರ್ತಾಳ? ಯಾರು?”

“ನೀವು. ಐದು ಗಂಟೆ ಆದ ಮ್ಯಾಲ ಉಳದವ್ರು ಎಲ್ಲಾ ಹೋಗ್ತಿದ್ರು. ಆಕಿ ಕಿಟಕ್ಯಾಗ ನಿಂತಿರ್ತಿದ್ಲು. ಅಮ್ಮ ಬರ್ತಾಳ ಅಂತ ನಾ ದಿನಾ ಹೇಳ್ತಿದ್ದೆ. ಆಮೇಲೆ ನಾ ಹೇಳೋದಕ್ಕಿಂತ ಮೊದ್ಲ ಆಕೀನ ಅನ್ಲಿಕ್ಕೆ ಹತ್ತಿದ್ಲು.”

ಪೆನ್ನು ಹಾಳೆಯ ಮೇಲೆ ನಿಂತಿತು. ಅವರು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತೇನೋ. ಅಳಲಿಲ್ಲ. ಹನ್ನೊಂದನೇ ಗೆರೆಯ ಮೇಲೆ ಬರ್ತಾಳ ಎಂದು, ನಾನು ಹೇಳಿದ ಹಾಗೆಯೇ, ದುಂಡಗೆ ಬರೆದರು. ಹಾಳೆ ಮಡಚಿದರು.

“ನಿಮ್ಮನ್ನ ಕ್ಷಮಿಸೋಕೆ ಬಂದಿಲ್ಲ ನಾನು” ಎಂದರು.

“ಗೊತ್ತಾತ್ರೀ.”

ಬಾಗಿಲ ತನಕ ಹೋದವರು, ಮಗಳ ಟೋಪಿ ಸರಿಮಾಡುತ್ತಾ, ನನ್ನತ್ತ ನೋಡದೆ, “ನಂಗೂ ಇಲ್ಲಿ ಮಾತಾಡೋಕೆ ಯಾರೂ ಇಲ್ಲ, ಭಾರತಿ” ಎಂದರು. ಒಳಗೆ ಬನ್ನಿ, ಚಹಾ ಕುಡಿಯಿರಿ ಎನ್ನಬೇಕಿತ್ತು. ನನ್ನ ಬಾಯಿಗೆ ಬರುವಷ್ಟರಲ್ಲಿ ಅವರು ಮೆಟ್ಟಿಲು ಇಳಿದಿದ್ದರು.

ಎರಡು ವಾರದ ನಂತರ ಅವರಿಂದ ಒಂದು ಮೆಸೇಜ್ ಬಂತು. ಬರೀ ಒಂದು ಸಂಖ್ಯೆ, 14. ಏನೆಂದು ಅರ್ಥವಾಗಲು ಒಂದು ಕ್ಷಣ ಬೇಕಾಯಿತು: ಆ ಹನ್ನೊಂದಕ್ಕೆ ಇನ್ನೂ ಮೂರು ಶಬ್ದ ಕೂಡಿತ್ತು. ನಾನು, ಚಲೋ ಆತ್ರೀ ಎಂದು ಬರೆದೆ. ಏಪ್ರಿಲ್‌ನಲ್ಲಿ 22. ಮೇ ಕೊನೆಗೆ 40. ಸಂಖ್ಯೆಯ ಜೊತೆ ಬೇರೇನೂ ಇರುತ್ತಿರಲಿಲ್ಲ. ಬೇಸಿಗೆಯಲ್ಲಿ ಅವರಿಗೆ ಲಿಸ್ಲ್ ಹತ್ತಿರದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ, ಮೂವರೂ ಒಂದೇ ಮನೆಗೆ ಹೋದರೆಂದು ದೇವಸ್ಥಾನದಲ್ಲಿ ಯಾರೋ ಹೇಳಿದರು.

ಆಗಸ್ಟಿನ ಒಂದು ಶುಕ್ರವಾರ ನಾನು ಟೀಚರ್ ಸರ್ಟಿಫಿಕೇಟಿನ ಮೊದಲ ಪರೀಕ್ಷೆ ಬರೆದು ಹೊರಬಂದು ಕಾರಿನಲ್ಲಿ ಕೂತು ಫೋನ್ ತೆಗೆದೆ. ಸ್ಮಿತಾ ಬರೆದಿದ್ದರು: ಎಣಿಸೋದು ಬಿಟ್ಟಿದೀನಿ ಭಾರತಿ. ಈಗ ಬಾಯೇ ಮುಚ್ಚಲ್ಲ.

ಎರಡು ಸಲ ಓದಿದೆ. ಭಾಳ ಖುಷಿ ಆತ್ರೀ ಎಂದು ಬರೆದು ಕಳಿಸಿದೆ. ಅದು ನಿಜವೇ ಆಗಿತ್ತು. ಇನ್ನು ಸಂಖ್ಯೆ ಬರುವುದಿಲ್ಲ ಎಂಬುದೂ ಆಗಲೇ ಹೊಳೆಯಿತು. ನಮ್ಮವರು ಪ್ಲಾಂಟಿನಲ್ಲಿದ್ದರು, ಗದಗಿನಲ್ಲಿ ಅವ್ವ ಮಲಗಿರುವ ಹೊತ್ತು. ಕಿಟಕಿ ಇಳಿಸಿ ಸ್ವಲ್ಪ ಹೊತ್ತು ಕೂತಿದ್ದು, ಕಾರು ಚಾಲೂ ಮಾಡಿದೆ. ಆ ಇಡೀ ದಿನ ನಾನು ಕನ್ನಡದಲ್ಲಿ ಆಡಿದ ಮಾತು ಆ ಮೂರು ಶಬ್ದ ಅಷ್ಟೇ, ಅದೂ ಫೋನಿನ ಮೇಲೆ, ಬೆರಳಿನಲ್ಲಿ.